ಮೋಟಾರು ಯಂತ್ರದ ಹೊಗೆ ಮತ್ತು ತೇವ

ಪೆಟ್ರೋಲನ್ನೋ ಡೀಸೆಲನ್ನೋ ಉರಿಸಿ ವಾಹನವನ್ನು ನಡೆಸುವ ಯಂತ್ರದ ಒಳಗಿನ ದಹನಕ್ರಿಯೆ ಕಣ್ಣಿಗೆ ಗೋಚರವಾಗುವಂಥದಲ್ಲ. ಅದರ ಕ್ಷೇಮಸಮಾಚಾರವನ್ನು ಹೊರಕ್ಕೆ ತರುವುದು ನಿಷ್ಕಾಸನಾಳ, ಎಂದರೆ ಎಲ್ಲರೂ ಸೈಲೆನ್ಸರ್ ಎಂದು ಕರೆಯುವ ಹಿಂಬದಿಯ ಕೊಳವೆ. ಆ ಕೊಳವೆಯಿಂದ ಹೊರಡುವ ಹೊಗೆಯ ವರ್ಣ, ಗಂಧ, ಪ್ರಮಾಣಗಳನ್ನೂ ಅದರ ತುದಿಯಲ್ಲಿ ತೊಟ್ಟಿಕ್ಕುವ ನೀರನ್ನೂ ಗಮನಿಸಿ ಯಂತ್ರದ ದೋಷವನ್ನು ಊಹಿಸುವುದು ಚಾಲಕರಲ್ಲಿಯೂ ಮೆಕ್ಯಾನಿಕ್ಕುಗಳಲ್ಲಿಯೂ ಬಹುಕಾಲದಿಂದ ನಡೆದುಬಂದ ಪದ್ಧತಿ. ಬಿಳಿಯ ಹೊಗೆ ನೀರಿನದು, ನೀಲಿಯ ಹೊಗೆ ಆಯಿಲಿನದು, ಕರಿಯ ಹೊಗೆ ಇಂಧನದ್ದು ಎಂಬ ಸೂತ್ರ ಗಾಡಿ ಹಿಡಿದವರೆಲ್ಲರಿಗೂ ಕಂಠಸ್ಥವಾಗಿದೆ. ಸೂತ್ರ ಸುಳ್ಳಲ್ಲ, ಅಪೂರ್ಣ. ಹೊಗೆ ಯಾವ ಹೊತ್ತಿನಲ್ಲಿ ಬಂದಿತು, ಎಷ್ಟು ಹೊತ್ತು ನಿಂತಿತು, ಅದರ ಜೊತೆಗೆ ವಾಹನದ ಯಾವ ದ್ರವ ಕಡಮೆಯಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವ ತನಕ ಬಣ್ಣವೆಂಬುದು ಸಂಶಯಕ್ಕೆ ಆಸ್ಪದವೇ ಹೊರತು ನಿರ್ಣಯಕ್ಕೆ ಆಧಾರವಲ್ಲ. ಬಣ್ಣವೊಂದನ್ನೇ ನಂಬಿ ಇಂಜಿನ್ ಬಿಚ್ಚಿಸಿದವರು ಅನೇಕ ವೇಳೆ ವೃಥಾ ದಂಡ ತೆತ್ತಿದ್ದಾರೆ.

ಈ ವಿಷಯವನ್ನು ಶಿವಮೊಗ್ಗ, ಭದ್ರಾವತಿಗಳ ನೆಲದಲ್ಲಿ ನಿಂತು ನೋಡುವುದಕ್ಕೆ ಕಾರಣವುಂಟು. ತುಂಗೆಯ ದಡದ ಶಿವಮೊಗ್ಗಕ್ಕೂ ಭದ್ರೆಯ ದಡದ ಭದ್ರಾವತಿಗೂ ನಡುವೆ, ಬೆಂಗಳೂರು–ಹೊನ್ನಾವರ ರಸ್ತೆಯಲ್ಲಿ, ಸುಮಾರು ಇಪ್ಪತ್ತು ಕಿಲೋಮೀಟರುಗಳ ಹೆಚ್ಚು ಏರಿಳಿತವಿಲ್ಲದ ದಾರಿ. ಪಶ್ಚಿಮಕ್ಕೆ ತಿರುಗಿದರೆ ತೀರ್ಥಹಳ್ಳಿಯನ್ನು ದಾಟಿ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆ ಮತ್ತು ಅದರಾಚೆಗಿನ ಘಟ್ಟ. ಮಾರ್ಗಶಿರ, ಪುಷ್ಯ ಮಾಸಗಳ ಚಳಿ, ಆಷಾಢದ ಎಡೆಬಿಡದ ಆರ್ದ್ರತೆ, ಪೇಟೆಯೊಳಗಿನ ಅತ್ಯಲ್ಪ ಓಡಾಟ, ಘಟ್ಟದ ದೀರ್ಘ ಆರೋಹಣ ಅವರೋಹಣಗಳು ಇವೆಲ್ಲವೂ ಒಂದೇ ಜಿಲ್ಲೆಯೊಳಗೆ ಒಂದೇ ವಾಹನಕ್ಕೆ ಒದಗುವುದರಿಂದ, ಹೊಗೆಯ ನಾನಾ ಅವಸ್ಥೆಗಳು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಗ್ಯಾರೇಜುಗಳಿಗೆ ಋತುಮಾನಕ್ಕೆ ಅನುಸಾರವಾಗಿ ಬಂದು ಸೇರುತ್ತವೆ.

ಭದ್ರಾವತಿಯ ಜನಕ್ಕಂತೂ ಹೊಗೆಯ ಪರಿಚಯ ಮೋಟಾರಿಗಿಂತ ದೊಡ್ಡ ಯಂತ್ರಗಳಿಂದಲೇ ಆದದ್ದು. 1923ರ ಜನವರಿಯಲ್ಲಿ ಉತ್ಪಾದನೆಯನ್ನಾರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ, ಸರ್ ಎಂ. ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ಬಲಗೊಂಡು ಮುಂದೆ ಅವರ ಹೆಸರನ್ನೇ ಹೊತ್ತದ್ದು, ಮೊದಮೊದಲು ಕಲ್ಲಿದ್ದಲಿಗೆ ಬದಲಾಗಿ ಮಲೆನಾಡಿನ ಮರದ ಇದ್ದಿಲಿನಿಂದಲೇ ಅದುರನ್ನು ಕರಗಿಸುತ್ತಿತ್ತು. ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಹೊರಡುವ ಆವಿಯನ್ನು ವ್ಯರ್ಥವಾಗಗೊಡದೆ ತಣಿಸಿ ಮರಸಾರ, ಡಾಂಬರು ಮೊದಲಾದುವನ್ನು ಸಂಗ್ರಹಿಸುವ ಶಾಖೆಯೂ ಅಲ್ಲಿತ್ತು. ಚಿಮಣಿಯ ಹೊಗೆಯ ಕಪ್ಪನ್ನು ಕಣ್ಣಂದಾಜಿನಿಂದ ಅಳೆಯುವುದಕ್ಕೆ ಫ್ರಾನ್ಸಿನ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ ಎಂಬ ಪ್ರಾಧ್ಯಾಪಕರು 1888ರಲ್ಲಿಯೇ, ಬಿಳಿಯಿಂದ ಅಚ್ಚಗಪ್ಪಿನವರೆಗೆ ಕ್ರಮವಾಗಿ ದಟ್ಟವಾಗುವ ಗೆರೆಗಳ ಒಂದು ಪಟವನ್ನು ರಚಿಸಿದ್ದರು. ಹೊಗೆಯ ಕಪ್ಪು ಹೆಚ್ಚಾದಷ್ಟೂ ಉರಿಯದೆ ಉಳಿದ ಇಂಗಾಲ ಹೆಚ್ಚು ಎಂಬ ಅದರ ತತ್ತ್ವ ಕುಲುಮೆಗೆ ಎಷ್ಟು ಸಲ್ಲುವುದೋ ಕಾರಿಗೂ ಅಷ್ಟೇ ಸಲ್ಲುತ್ತದೆ.

ಇದ್ದಿಲು ಮೋಟಾರಿನೊಳಕ್ಕೂ ಪ್ರವೇಶಿಸಿದ ಕಾಲವೊಂದಿತ್ತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಮೈಸೂರು ಸಂಸ್ಥಾನದ ಬಸ್ಸುಗಳು ಬೆನ್ನಿಗೊಂದು ಇದ್ದಿಲಿನ ಒಲೆಯನ್ನು ಕಟ್ಟಿಕೊಂಡು, ಅದರಿಂದ ಹುಟ್ಟುವ ಅನಿಲದ ಬಲದಿಂದ ಓಡಿದವು. ಇಂಗಾಲದ ಮಾನಾಕ್ಸೈಡು, ಜಲಜನಕ ಇವೆರಡೇ ಉರಿಯುವ ಮುಖ್ಯಾಂಶಗಳಾಗಿ, ಸರಿಸುಮಾರು ಅರ್ಧಪಾಲು ನಿರುಪಯುಕ್ತ ಸಾರಜನಕವೇ ತುಂಬಿರುವ ಈ ಅನಿಲದಿಂದ ಯಂತ್ರದ ಶಕ್ತಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಾಗಿಯೇ ಕುಂದುತ್ತಿದ್ದುದರಿಂದ, ಏರು ಬಂದಲ್ಲಿ ಪ್ರಯಾಣಿಕರು ಇಳಿದು ತಳ್ಳುವುದು ಟಿಕೆಟ್ಟಿನಲ್ಲಿಯೇ ಸೇರಿದ ಕರ್ತವ್ಯದಂತಾಗಿತ್ತು. ಹೊರಡುವ ಮುನ್ನ ಕೈತಿದಿಯನ್ನು ತಿರುಗಿಸುತ್ತ, ಪರೀಕ್ಷಾನಾಳದ ಬಾಯಿಗೆ ಬೆಂಕಿ ತೋರಿಸಿ, ಅನಿಲ ಸ್ಥಿರವಾಗಿ ಹೊತ್ತಿಕೊಂಡಿತೆಂದರೆ ಮಾತ್ರ ಇಂಜಿನ್ ಚಾಲೂ ಮಾಡುತ್ತಿದ್ದರು. ಇದ್ದಿಲು ಹಸಿಯಾಗಿದ್ದರೆ ಜ್ವಾಲೆಗೆ ಬದಲು ಬಿಳಿಯ ಹಬೆ. ಸರಿಯಾಗಿ ಸುಡದ ಇದ್ದಿಲಾದರೆ ಡಾಂಬರಿನ ಅಂಟು ವಾಲ್ವುಗಳವರೆಗೆ ಏರಿ ಕೂರುತ್ತಿತ್ತು. ತೇವವೇ ಯಂತ್ರದ ಪರಮಶತ್ರುವೆಂಬ ನಂಬಿಕೆ ಹಳೆಯ ಚಾಲಕರಲ್ಲಿ ಬೇರೂರಿದ್ದಕ್ಕೆ ಇದೂ ಒಂದು ಕಾರಣವಿರಬಹುದು. ಪೆಟ್ರೋಲ್ ಗಾಡಿಯ ವಿಷಯದಲ್ಲಿ ಆ ನಂಬಿಕೆಯನ್ನು ಬಹಳಷ್ಟು ಸಡಿಲಿಸಬೇಕಾಗುತ್ತದೆ.

ಏಕೆಂದರೆ ನೀರು ದಹನದ ಸಹಜ ಸಂತಾನ. ಪೆಟ್ರೋಲ್ ಎಂಬುದು ಇಂಗಾಲ ಜಲಜನಕಗಳ ಸಂಯುಕ್ತಗಳ ಮಿಶ್ರಣವಾಗಿದ್ದು, ಉರಿಯುವಾಗ ಇಂಗಾಲವು ಇಂಗಾಲದ ಡೈಆಕ್ಸೈಡೂ ಜಲಜನಕವು ನೀರಾವಿಯೂ ಆಗಿ ಪರಿಣಮಿಸುತ್ತವೆ. ಒಂದು ಲೀಟರು ಪೆಟ್ರೋಲ್ ಪೂರ್ಣವಾಗಿ ಉರಿದರೆ ಹುಟ್ಟುವ ನೀರು ಹತ್ತಿರ ಹತ್ತಿರ ಒಂದು ಲೀಟರು ಎಂದರೆ ಅನೇಕರು ನಂಬಲಾರರು. ಭದ್ರಾವತಿಗೆ ಹೋಗಿ ಬರುವಷ್ಟರಲ್ಲಿ ಕಾರು ಎರಡೂವರೆ ಲೀಟರು ಪೆಟ್ರೋಲ್ ಕುಡಿದಿದ್ದರೆ, ಎರಡು ಲೀಟರಿಗೂ ಹೆಚ್ಚು ನೀರನ್ನು ದಾರಿಯುದ್ದಕ್ಕೂ ಚೆಲ್ಲಿಕೊಂಡೇ ಬಂದಿದೆ. ನಾಳ ಬಿಸಿಯಾಗಿರುವುದರಿಂದ ಆ ನೀರು ಅದೃಶ್ಯವಾದ ಆವಿಯ ರೂಪದಲ್ಲಿ ಹೋಗಿಬಿಡುತ್ತದೆ. ಈ ಆವಿ ದ್ರವವಾಗುವ ಉಷ್ಣತೆ ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್. ಚಳಿಗಾಲದ ಮುಂಜಾನೆ, ಶಿವಮೊಗ್ಗದ ಹವೆ 15 ಡಿಗ್ರಿಯ ಆಸುಪಾಸಿನಲ್ಲಿರುವಾಗ, ರಾತ್ರಿಯೆಲ್ಲ ಅಂಗಳದಲ್ಲಿ ನಿಂತ ಕಾರಿನ ಉದ್ದನೆಯ ಉಕ್ಕಿನ ಕೊಳವೆ ಅಷ್ಟು ಬಿಸಿಯಾಗುವುದಕ್ಕೆ ಕೆಲವು ನಿಮಿಷಗಳು ಬೇಕು. ಆ ನಿಮಿಷಗಳಲ್ಲಿ ತುದಿಯಿಂದ ಹನಿ ಬೀಳುವುದೂ ಬಿಳಿಯ ಹಬೆ ಏಳುವುದೂ ಆರೋಗ್ಯದ ಲಕ್ಷಣವೇ. ನಿಷ್ಕಾಸದ ವಿಷಾನಿಲಗಳನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಗಳಲ್ಲಿ, ಉಳಿದ ಇಂಧನಾಂಶವೂ ಅಲ್ಲಿಯೇ ಉರಿದು, ನೀರು ಇನ್ನಷ್ಟು ಸೇರುತ್ತದೆ. ಸೈಲೆನ್ಸರಿನ ತಳದಲ್ಲಿ ಕಾಣುವ ಸಣ್ಣ ರಂಧ್ರ ತಯಾರಕರೇ ನೀರು ಇಳಿಯಲೆಂದು ಇಟ್ಟದ್ದು. ತುಕ್ಕಿನ ತೂತೆಂದು ತಿಳಿದು ಅದನ್ನು ಬೆಸುಗೆ ಹಾಕಿಸಿ ಮುಚ್ಚಿಸುವವರೂ ಇದ್ದಾರೆ.

ಸಹಜವಾದ ಈ ನೀರು ಉಪದ್ರವಕಾರಿಯಾಗುವುದು ಓಟ ಸಾಲದೆ ಹೋದಾಗ. ಶಿವಮೊಗ್ಗದ ದುರ್ಗಿಗುಡಿಯ ಮನೆಯಿಂದ ನೆಹರು ರಸ್ತೆಯ ಅಂಗಡಿಗೆ ಹೋಗಿ ಬರುವಷ್ಟೇ ಉಪಯೋಗದಲ್ಲಿರುವ ಕಾರಿನ ನಾಳ ಎಂದೂ ಪೂರ್ತಿ ಕಾಯುವುದಿಲ್ಲ. ಒಳಗೆ ನಿಂತ ನೀರು ನಿಷ್ಕಾಸದ ಆಮ್ಲಾಂಶಗಳೊಡನೆ ಬೆರೆತು ತಗಡನ್ನು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಅದೇ ತೇವ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು ಆಯಿಲ್ ಕೋಣೆಯನ್ನೂ ಸೇರುವುದರಿಂದ, ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಮೈಗೆ ಹಾಲು ಹೆಚ್ಚಾದ ಕಾಫಿಯಂಥ ಬಣ್ಣದ ನೊರೆಯೊಂದು ಅಂಟಿಕೊಳ್ಳುತ್ತದೆ. ಇದನ್ನು ಕಂಡೊಡನೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಹೌಹಾರುವುದು ತರವಲ್ಲ. ಡಿಪ್‌ಸ್ಟಿಕ್ಕನ್ನು ಎಳೆದು ನೋಡಬೇಕು: ಅದರ ಮೇಲಿನ ಆಯಿಲ್ ಸ್ವಚ್ಛವಾಗಿದ್ದು, ನೊರೆ ಮುಚ್ಚಳದಲ್ಲಿ ಮಾತ್ರವಿದ್ದು, ರೇಡಿಯೇಟರಿನ ಮಟ್ಟ ಇಳಿಯದೆ ಇದ್ದರೆ ಅದು ಈ ಸಹಜ ತೇವವೇ, ಮುಚ್ಚಳವನ್ನು ಒರೆಸಿ, ಭದ್ರಾವತಿಯವರೆಗೆ ಒಮ್ಮೆ ನಿಲ್ಲಿಸದೆ ಓಡಿಸಿಕೊಂಡು ಬಂದರೆ ಬಹುಮಟ್ಟಿಗೆ ಮಾಯವಾಗುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲೇ ಕೆನೆಗಟ್ಟಿ ಬಿಳುಪೇರಿದ್ದರೆ ಆಗ ಗಾಡಿಯನ್ನು ಸ್ಟಾರ್ಟ್ ಮಾಡಲೇಬಾರದು.

ನಿಜವಾದ ಅಪಾಯದ ಬಿಳಿ ಹೊಗೆ ಇಂಜಿನ್ ಕಾದ ಮೇಲೆಯೂ ನಿಲ್ಲದೆ, ದಪ್ಪವಾಗಿ, ನೆಲಕ್ಕೆ ಹತ್ತಿಕೊಂಡು ಬರುವಂಥದು. ಇಂಜಿನ್ ಬ್ಲಾಕಿಗೂ ಅದರ ತಲೆಗೂ ನಡುವೆ ಬಿಗಿದಿರುವ ಹೆಡ್ ಗ್ಯಾಸ್ಕೆಟ್ ಸೀಳಿದಾಗಲೋ ತಲೆಯೇ ಬಿರುಕುಬಿಟ್ಟಾಗಲೋ ತಂಪುನೀರು ಸಿಲಿಂಡರಿಗೆ ನುಗ್ಗಿ ಹಬೆಯಾಗುತ್ತದೆ. ಆ ನೀರಿಗೆ ಕೂಲೆಂಟ್ ಬೆರೆಸಿದ್ದರೆ ಗ್ಲೈಕಾಲಿನ ಸಿಹಿ ನಾತ ಹೊಗೆಯಲ್ಲಿ ಸ್ಪಷ್ಟವಾಗಿ ಹತ್ತುತ್ತದೆ. ಇದಕ್ಕೆ ಮೂಲ ಬಹುತೇಕ ಅತಿತಾಪ. ಘಟ್ಟದ ಬುಡದ ಸೋಮೇಶ್ವರದಿಂದ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮೊದಲನೆಯ ಎರಡನೆಯ ಗೇರುಗಳಲ್ಲಿ ಹತ್ತುವ ಕಾರಿಗೆ ಎದುರುಗಾಳಿ ಕಡಮೆ, ದುಡಿಮೆ ಹೆಚ್ಚು. ಆಗುಂಬೆಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಸಮೀಪದಲ್ಲಿಯೇ ಕುದಿಯುವುದಾದರೂ, ರೇಡಿಯೇಟರ್ ಮುಚ್ಚಳ ಸುಮಾರು ಒಂದು ವಾಯುಭಾರದಷ್ಟು ಅಧಿಕ ಒತ್ತಡವನ್ನು ಹಿಡಿದಿಡುವುದರಿಂದ ಕುದಿಬಿಂದು 120 ಡಿಗ್ರಿಯವರೆಗೆ ಏರುತ್ತದೆ. ಕೂಲೆಂಟ್ ಸಮಪಾಲಾಗಿದ್ದರೆ ಇನ್ನೂ ಮೇಲೆ. ಮುಚ್ಚಳದ ಸವೆದ ರಬ್ಬರ್ ಒಂದರಿಂದ ಈ ರಕ್ಷಣೆಯೆಲ್ಲ ವ್ಯರ್ಥವಾಗಬಹುದು. ಘಟ್ಟದ ನೆತ್ತಿಯಲ್ಲಿ ಕುದಿಯುತ್ತಿರುವ ಇಂಜಿನ್ನಿಗೆ ಹಳ್ಳದ ತಣ್ಣೀರನ್ನು ಸುರಿಯುವ ಅಭ್ಯಾಸ, ಎರಕದ ಕಬ್ಬಿಣದ ದಪ್ಪ ತಲೆಯ ಅಂಬಾಸಡರ್ ಕಾಲದಲ್ಲಿ ಹೇಗೋ ದಕ್ಕುತ್ತಿದ್ದರೂ, ಈಗಿನ ಅಲ್ಯೂಮಿನಿಯಮ್ ತಲೆಗಳನ್ನು ಅದು ಡೊಂಕಾಗಿಸಿಬಿಡುತ್ತದೆ.

ಗ್ಯಾಸ್ಕೆಟ್ಟಿನ ಸಂಶಯವನ್ನು ಬಿಚ್ಚದೆಯೇ ಪರಿಹರಿಸಿಕೊಳ್ಳುವ ಮಾರ್ಗಗಳಿವೆ. ದಹನದ ಕ್ಷಣದಲ್ಲಿ ಸಿಲಿಂಡರಿನ ಒತ್ತಡ ತಂಪುನೀರಿನ ಒತ್ತಡಕ್ಕಿಂತ ಹತ್ತಾರು ಪಟ್ಟು ಹೆಚ್ಚಾದುದರಿಂದ ಅನಿಲವು ನೀರಿನೊಳಕ್ಕೂ ನುಗ್ಗುತ್ತದೆ. ತಣ್ಣಗಿರುವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ರೇಡಿಯೇಟರಿನ ಬಾಯಲ್ಲಿ ಎಡೆಬಿಡದೆ ಗುಳ್ಳೆ ಏಳುವುದು ಇದರಿಂದ. ಆ ಗುಳ್ಳೆಗಳ ಗಾಳಿಯನ್ನು ನೀಲಿಯ ಪರೀಕ್ಷಾದ್ರವವೊಂದರ ಮೂಲಕ ಹಾಯಿಸಿದಾಗ, ಇಂಗಾಲದ ಡೈಆಕ್ಸೈಡ್ ಇದ್ದರೆ ದ್ರವ ಹಳದಿಗೆ ತಿರುಗುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ ಸಾಲಾಗಿ ಇಟ್ಟು ನೋಡುವುದು ಇನ್ನೂ ಸುಲಭ: ಮೂರು ಕಂದುಬಣ್ಣಕ್ಕಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ ಹಬೆ ತೊಳೆದ ಸಿಲಿಂಡರ್ ಅದೇ.

ಡೀಸೆಲ್ ಯಂತ್ರದ ಬಿಳಿ ಹೊಗೆಯ ಕಥೆ ಬೇರೆ. ಅಲ್ಲಿ ಕಿಡಿಯಿಲ್ಲ, ಒತ್ತಿದ ಗಾಳಿಯ ಶಾಖವೇ ಇಂಧನವನ್ನು ಹೊತ್ತಿಸಬೇಕು. ಹೀಟರ್ ಪ್ಲಗ್ ಕೆಟ್ಟಿದ್ದರೆ, ಪಂಪಿನ ಟೈಮಿಂಗ್ ಹಿಂದೆ ಬಿದ್ದಿದ್ದರೆ, ಇಲ್ಲವೆ ಸವೆದ ಇಂಜಿನ್ನಿನಲ್ಲಿ ಒತ್ತಡವೇ ಸಾಲದಿದ್ದರೆ, ಡೀಸೆಲ್ ಉರಿಯದೆ ಮಂಜಿನಂತೆ ಹೊರಬೀಳುತ್ತದೆ. ಇದರ ಗುರುತು ಕಣ್ಣುರಿ: ನೀರಿನ ಹಬೆ ಕಣ್ಣನ್ನು ಸುಡುವುದಿಲ್ಲ, ಹಸಿ ಡೀಸೆಲಿನ ಹೊಗೆ ಸುಡುತ್ತದೆ. ತೋಟದ ಮನೆಗಳ ಹಳೆಯ ಜೀಪುಗಳು ಶ್ರಾವಣದ ಬೆಳಿಗ್ಗೆ ಹೀಗೆ ಹೊಗೆಯೆಬ್ಬಿಸಿ ಹತ್ತು ನಿಮಿಷಕ್ಕೆ ಸುಮ್ಮನಾಗುವುದು ಸಾಮಾನ್ಯ. ಸುಮ್ಮನಾಗದಿದ್ದರೆ ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಡೀಸೆಲಿನೊಡನೆ ನೀರು ಇಳಿಯುವುದೇ ಎಂಬುದನ್ನು ಮೊದಲು ಪರೀಕ್ಷಿಸತಕ್ಕದ್ದು.

ನೀಲಿ ಹೊಗೆಯನ್ನು ಗುರುತಿಸುವುದರಲ್ಲಿಯೇ ಮಲೆನಾಡಿನಲ್ಲೊಂದು ತೊಡಕಿದೆ. ಆಯಿಲಿನ ಹೊಗೆಯ ಕಣಗಳು ಅತಿ ಸೂಕ್ಷ್ಮವಾದುದರಿಂದ ಬೆಳಕಿನ ನೀಲಿಯ ಭಾಗವನ್ನೇ ಹೆಚ್ಚಾಗಿ ಚದರಿಸುತ್ತವೆ. ಹಬೆಯ ಹನಿಗಳು ದೊಡ್ಡವಾದುದರಿಂದ ಎಲ್ಲ ಬಣ್ಣಗಳನ್ನೂ ಸಮನಾಗಿ ಚದರಿಸಿ ಬಿಳಿದಾಗಿ ಕಾಣುತ್ತವೆ. ಮಸಿಯ ಕಣಗಳೋ ಬೆಳಕನ್ನು ನುಂಗಿಯೇ ಬಿಡುತ್ತವೆ. ಒಣಹವೆಯಲ್ಲಿ ಹಬೆ ಕೆಲವೇ ಅಡಿಗಳಲ್ಲಿ ಕರಗಿಹೋಗಿ, ಆಯಿಲಿನ ಹೊಗೆ ರಸ್ತೆಯ ಮೇಲೆ ತೂಗಾಡುತ್ತ ಉಳಿಯುವುದರಿಂದ ಎರಡನ್ನೂ ಬೇರ್ಪಡಿಸುವುದು ಸುಲಭ. ಆದರೆ ಜುಲೈ ತಿಂಗಳ ಆಗುಂಬೆಯಲ್ಲಿ, ಗಾಳಿಯೇ ನೀರಿನಿಂದ ತುಂಬಿ ತುಳುಕುತ್ತಿರುವಾಗ, ಹಬೆಯೂ ಕರಗದೆ ಉಳಿದು, ಪುಸ್ತಕದಲ್ಲಿ ಹೇಳಿದ ಈ ಪರೀಕ್ಷೆ ಕೈಕೊಡುತ್ತದೆ. ಆಗ ಒಂದು ಬಿಳಿಯ ಕಾಗದವನ್ನು ಕೊಳವೆಯ ಬಾಯಿಗೆ ಅರ್ಧ ನಿಮಿಷ ಹಿಡಿದು ಒಣಗಲು ಬಿಡಬೇಕು; ನೀರಾದರೆ ಕಲೆಯುಳಿಯದು, ಆಯಿಲಾದರೆ ಬೆಳಕಿಗೆ ಹಿಡಿದಾಗ ಪಾರದರ್ಶಕವಾದ ಜಿಡ್ಡಿನ ಚುಕ್ಕೆ ಕಾಣುವುದು, ಮಸಿಯಾದರೆ ಹೇಳಬೇಕಾದುದಿಲ್ಲ.

ಆಯಿಲ್ ಸಿಲಿಂಡರಿಗೆ ಬರುವ ದಾರಿಗಳು ಮುಖ್ಯವಾಗಿ ಎರಡು: ಮೇಲಿನಿಂದ ವಾಲ್ವ್ ಸೀಲುಗಳ ಮೂಲಕ, ಕೆಳಗಿನಿಂದ ಪಿಸ್ಟನ್ ರಿಂಗುಗಳ ಮೂಲಕ. ಮೊದಲನೆಯದು ಸಾಧಾರಣ ಖರ್ಚಿನ ಕೆಲಸ, ಎರಡನೆಯದು ಇಂಜಿನ್ ಬೋರಿಗೆ ಬಂದಿದೆಯೆಂಬ ಘೋರವಾರ್ತೆ. ಎರಡಕ್ಕೂ ಹೊಗೆಯ ಬಣ್ಣ ಒಂದೇ, ಹೊತ್ತು ಮಾತ್ರ ಬೇರೆ. ರಾತ್ರಿಯಿಡೀ ನಿಂತ ಗಾಡಿ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಒಂದು ಮೋಡವನ್ನು ಉಗುಳಿ ಆಮೇಲೆ ನಿರ್ಮಲವಾದರೆ ಸೀಲುಗಳೇ ಅಪರಾಧಿಗಳು. ಇದನ್ನು ಸ್ಥಿರಪಡಿಸಿಕೊಳ್ಳಲು ಘಟ್ಟಕ್ಕಿಂತ ಉತ್ತಮ ಪ್ರಯೋಗಶಾಲೆಯಿಲ್ಲ: ಇಳಿಜಾರಿನಲ್ಲಿ ಆಕ್ಸಲರೇಟರಿನಿಂದ ಕಾಲು ತೆಗೆದು ಗೇರಿನಲ್ಲಿಯೇ ಇಳಿಯುವಾಗ ಪೆಟ್ರೋಲ್ ಇಂಜಿನ್ನಿನ ಒಳಗೆ ಪ್ರಬಲವಾದ ನಿರ್ವಾತ ಉಂಟಾಗಿ, ಸಡಿಲಗೊಂಡ ಸೀಲುಗಳ ಮೂಲಕ ಆಯಿಲನ್ನು ಹೀರಿಕೊಳ್ಳುತ್ತದೆ, ಸೋಮೇಶ್ವರದ ಸಮತಟ್ಟಿಗೆ ಬಂದು ಮತ್ತೆ ಕಾಲೊತ್ತಿದೊಡನೆ ಹಿಂದೆ ನೀಲಿಯ ಪರದೆ ಏಳುತ್ತದೆ. ರಿಂಗುಗಳು ಸವೆದ ಇಂಜಿನ್ ಹಾಗಲ್ಲ. ಅದು ಏರಿನಲ್ಲಿ, ಭಾರ ಹೊತ್ತಾಗ, ಒಂದೇ ಸಮನೆ ಹೊಗೆ ಹೊಡೆಯುತ್ತದೆ, ಪಿಕಪ್ ಕಳೆದುಕೊಂಡಿರುತ್ತದೆ, ಆಯಿಲ್ ಮುಚ್ಚಳ ತೆಗೆದರೆ ಅಲ್ಲಿಂದಲೂ ಪುಸುಪುಸನೆ ಹೊಗೆಯಾಡುತ್ತದೆ. ಒತ್ತಡಮಾಪಕ ಕಡಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದೋ ಗ್ಯಾಸ್ಕೆಟ್ಟಿನದೋ. ಟರ್ಬೊ ಉಳ್ಳ ಗಾಡಿಗಳಲ್ಲಿ ಅದರ ಸೀಲೂ ಮೂರನೆಯ ದಾರಿಯಾಗಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕುಗಳಿಗೂ ಹಳೆಯ ಆಟೋರಿಕ್ಷಾಗಳಿಗೂ ಈ ವಿಚಾರ ಅನ್ವಯಿಸದು. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಓಡುವ ಅವುಗಳಿಗೆ ನೀಲಿ ಹೊಗೆ ಜನ್ಮಸಿದ್ಧ.

ಕರಿ ಹೊಗೆ ಎಲ್ಲಕ್ಕಿಂತ ಎದ್ದುಕಾಣುವುದಾದರೂ ದುರಸ್ತಿಯ ದೃಷ್ಟಿಯಿಂದ ಎಷ್ಟೋ ಸಲ ಅಗ್ಗದ್ದು. ಒಂದು ಭಾಗ ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಗಾಳಿ ಕಡಮೆಯಾದರೂ ಇಂಧನ ಹೆಚ್ಚಾದರೂ ಉಳಿಯುವುದು ಮಸಿ. ಬೇಸಗೆಯಲ್ಲಿ ಮಣ್ಣು ರಸ್ತೆಯ ಕೆಂಧೂಳು ಕುಡಿದ ಏರ್ ಫಿಲ್ಟರನ್ನು ಬದಲಿಸಿದ ಮಾತ್ರಕ್ಕೇ ಹೊಗೆ ನಿಂತ ಗಾಡಿಗಳುಂಟು. ಕಾರ್ಬ್ಯುರೇಟರ್ ಕಾಲದ ಪ್ರೀಮಿಯರ್ ಪದ್ಮಿನಿ, ಮಾರುತಿ 800ಗಳಲ್ಲಿ ಸಿಕ್ಕಿಕೊಂಡ ಚೋಕ್, ಈಚಿನವುಗಳಲ್ಲಿ ಸೋರುವ ಇಂಜೆಕ್ಟರ್ ಅಥವಾ ಕೆಟ್ಟ ಆಕ್ಸಿಜನ್ ಸೆನ್ಸರ್ ಇದಕ್ಕೆ ಕಾರಣ. ಹುಲಿಕಲ್ ಘಟ್ಟ ಹತ್ತುವ ಲಾರಿಯ ಕಪ್ಪು ಹೊಗೆಗೆ ಸವೆದ ನಾಜಲ್, ಮಿತಿಮೀರಿದ ಹೇರು, ಇಲ್ಲವೆ ಪಿಕಪ್ಪಿನ ಆಸೆಗೆ ಪಂಪಿನ ತಿರುಪನ್ನು ಹೆಚ್ಚು ತಿರುಗಿಸಿದ ಮನುಷ್ಯನ ಕೈ ಕಾರಣ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಕ್ಕೆ ಒಳಪಟ್ಟ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದು ಸುಡುವ ಶೋಧಕವಿರುವುದರಿಂದ ಕೊಳವೆಯ ತುದಿ ಒರೆಸಿದರೂ ಬೆರಳು ಕಪ್ಪಾಗಬಾರದು. ಕಪ್ಪಾದರೆ ಶೋಧಕ ಒಡೆದಿದೆ ಅಥವಾ ಯಾರೋ ಅದನ್ನು ಕಿತ್ತುಹಾಕಿದ್ದಾರೆ. ಪೇಟೆಯೊಳಗೇ ಓಡುವ ಗಾಡಿಯಲ್ಲಿ ಈ ಶೋಧಕ ಬಿಸಿಯಾಗಲು ಅವಕಾಶವಿಲ್ಲದೆ ಕಟ್ಟಿಕೊಳ್ಳುತ್ತದೆ.

ಶೇಕಡ 20ರಷ್ಟು ಎಥನಾಲ್ ಬೆರೆತ ಇಂದಿನ ಪೆಟ್ರೋಲಿನಿಂದ ತೇವದ ಪ್ರಶ್ನೆಗೆ ಹೊಸದೊಂದು ಮುಖ ಬಂದಿದೆ. ಎಥನಾಲ್ ನೀರನ್ನು ಆಕರ್ಷಿಸುವ ಸ್ವಭಾವದ್ದು. ಸ್ವಲ್ಪ ನೀರನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ, ಮಿತಿ ಮೀರಿದಾಗ ನೀರಿನೊಡನೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಮಳೆಗಾಲದ ಮೂರು ತಿಂಗಳು ಅರ್ಧ ಟ್ಯಾಂಕಿನೊಡನೆ ಕೊಟ್ಟಿಗೆಯಲ್ಲಿ ನಿಂತ ಗಾಡಿ ತಡೆತಡೆದು ಓಡಿ, ಬಿಳಿಯ ಹಬೆ ಬಿಡತೊಡಗಿದರೆ ಗ್ಯಾಸ್ಕೆಟ್ಟಿಗಿಂತ ಮುಂಚೆ ಟ್ಯಾಂಕನ್ನು ಶಂಕಿಸಬೇಕು.

ಸರ್ಕಾರದ ಹೊಗೆ ತಪಾಸಣೆ ಈ ರೋಗಗಳನ್ನೆಲ್ಲ ಹಿಡಿಯುವುದೆಂದು ಭಾವಿಸುವುದು ತಪ್ಪು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದಂತೆ ನಡೆಯುವ ಈ ಪರೀಕ್ಷೆಯಲ್ಲಿ ಡೀಸೆಲ್ ಗಾಡಿಯ ಹೊಗೆ ಎಷ್ಟು ಬೆಳಕನ್ನು ತಡೆಯುವುದೆಂಬುದನ್ನೂ ಪೆಟ್ರೋಲ್ ಗಾಡಿಯಲ್ಲಿ ಇಂಗಾಲದ ಮಾನಾಕ್ಸೈಡ್ ಮತ್ತು ಉರಿಯದ ಇಂಧನದ ಅಂಶಗಳನ್ನೂ ಅಳೆಯುತ್ತಾರೆ. ರೇಡಿಯೇಟರಿನ ನೀರು ಸಿಲಿಂಡರಿಗೆ ಇಳಿಯುತ್ತಿರುವುದು ಅದರಲ್ಲಿ ಕಾಣದು; ವರ್ಷಾವಧಿಯ ಪ್ರಮಾಣಪತ್ರವುಳ್ಳ ಕಾರು ಮರುವಾರವೇ ಘಟ್ಟದಲ್ಲಿ ಕುದಿದು ನಿಲ್ಲಬಹುದು. ಹಳೆಯ ಗಾಡಿ ಕೊಳ್ಳುವವರು ಆ ಚೀಟಿಗಿಂತ, ಮಾರುವವನು ಮೊದಲೇ ಸ್ಟಾರ್ಟ್ ಮಾಡಿ ಬಿಸಿಮಾಡಿಡದಂತೆ ಬೆಳಿಗ್ಗೆ ಮುಂಚೆ ಹೋಗಿ, ಬಾನೆಟ್ಟಿನ ಮೇಲೆ ಕೈಯಿಟ್ಟು ತಣ್ಣಗಿದೆಯೆಂದು ಖಾತ್ರಿಮಾಡಿಕೊಂಡು, ಮೊದಲ ಸ್ಟಾರ್ಟಿನ ಹೊಗೆಯನ್ನು ಹಿಂದೆ ನಿಂತು ನೋಡುವುದು ಲೇಸು.

ಹೊಗೆ ತಪಾಸಣೆಯಲ್ಲಿ ಅಳೆಯುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕನ್ವರ್ಟರ್ ಇನ್ನೂ ಬಿಸಿಯಾಗದ ಮೊದಲ ನಿಮಿಷಗಳಲ್ಲಿ, ನಿರ್ದೋಷವಾದ ಹಬೆಯ ಜೊತೆಯಲ್ಲಿಯೇ ಅದು ಹೆಚ್ಚಾಗಿ ಹೊರಬರುತ್ತದೆ, ಮುಚ್ಚಿದ ಜಾಗದಲ್ಲಿ ಪ್ರಾಣವನ್ನೂ ತೆಗೆಯುತ್ತದೆ. ಆದಕಾರಣ ಹೊರಗೆ ಎಂಥ ಮಳೆಯಿದ್ದರೂ ಷೆಡ್ಡಿನ ಬಾಗಿಲು ಹಾಕಿಕೊಂಡು ಇಂಜಿನ್ ಕಾಯಿಸಬೇಡಿ; ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಆಮೇಲೆ ಹೊಗೆಯನ್ನು ಪರೀಕ್ಷಿಸಿ.